ಏಳಲಾಗದ ಕುರ್ಚಿ, ಬಿಟ್ಟುಹೋದ ಬಳಗ

ವಯಸ್ಸು 74, ನಿವೃತ್ತ ಶಿಕ್ಷಕಿ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ. ವಾರಕ್ಕೊಮ್ಮೆ ಸೇರುವ ಓದುಗರ ಬಳಗಕ್ಕೆ ಹೋಗುವುದನ್ನು ಅವರು ಏಳು ತಿಂಗಳಿಂದ ನಿಲ್ಲಿಸಿದ್ದರು. "ಅಮ್ಮನಿಗೆ ಯಾವುದರಲ್ಲೂ ಆಸಕ್ತಿ ಇಲ್ಲ, ವಯಸ್ಸಾಯ್ತಲ್ಲ" ಎಂದರು ಅವರೊಡನೆ ನಮ್ಮ ಬಳಿ ಬಂದ ಮಗ.

ಆಸಕ್ತಿ ಇತ್ತು. ಮಗ ಎದ್ದು ಹೊರಗೆ ಹೋದ ಮೇಲೆ ಮಾತು ಬಂತು: ಅಲ್ಲಿಯ ತಗ್ಗು ಕುರ್ಚಿಯಿಂದ ಏಳಲು ಆಗುವುದಿಲ್ಲ, ಎಲ್ಲರೂ ನೋಡುತ್ತಾರೆ. ಶೌಚಾಲಯ ದೂರ, ಅದಕ್ಕೇ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ನಮ್ಮೆದುರೂ ಎರಡು ಕೈಯೂರಿ ಏಳಹೋಗಿ, ಹಿಂದಕ್ಕೆ ಕುಸಿದು, ಎರಡನೇ ಸಲ ಎದ್ದರು.

ವರ್ಷದೊಳಗೆ ತೂಕ 52 ಕಿಲೋದಿಂದ 48.5ಕ್ಕೆ ಬಂದಿತ್ತು. ತಾನಾಗಿ ಶೇ 5ಕ್ಕಿಂತ ಹೆಚ್ಚು ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತದಲ್ಲಿ ಬಲವಿಲ್ಲದಿರುವುದು, ನಿಧಾನ ನಡಿಗೆ, ಕಡಿಮೆ ಓಡಾಟ: ಈ ಐದರಲ್ಲಿ ಮೂರಿದ್ದರೆ ವೈದ್ಯರು ಅದನ್ನು ಫ್ರೇಲ್ಟಿ, ಮುಪ್ಪಿನ ನಿಶ್ಶಕ್ತಿ, ಎಂದು ಪರಿಗಣಿಸುತ್ತಾರೆ. 4 ಮೀಟರ್ ನಡೆಯಲು ಇವರಿಗೆ 6 ಸೆಕೆಂಡ್ ಬೇಕಾಯಿತು. 5 ದಾಟಿದರೇ ನಿಧಾನ. ಸುಸ್ತೂ ಸೇರಿ ಮೂರಾಯಿತು. ತೂಕ ಇಳಿಯಲು ಥೈರಾಯ್ಡ್, ಮಧುಮೇಹ, ಖಿನ್ನತೆ, ಹಲ್ಲಿನ ತೊಂದರೆ, ಸೇವಿಸುವ ಔಷಧಿ ಏನಾದರೂ ಕಾರಣವಿರಬಹುದು, ಆದ್ದರಿಂದ ಮೊದಲು ವೈದ್ಯರ ಬಳಿ ಕಳಿಸಿದೆವು. ಇದನ್ನು ಬಿಟ್ಟು "ನಾಲ್ಕು ಜನರ ಜೊತೆ ಬೆರೆಯಿರಿ" ಎಂದಷ್ಟೇ ಹೇಳಿ ಕಳಿಸುವುದು ತಪ್ಪು.

ವೈದ್ಯರ ಒಪ್ಪಿಗೆಯ ನಂತರ ವ್ಯಾಯಾಮ. ಸುಮಾರು 45 ಸೆಂ.ಮೀ. ಎತ್ತರದ, ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಅಂಚಿಗೆ ಸರಿದು, ಪಾದಗಳನ್ನು ತುಸು ಹಿಂದಕ್ಕೆಳೆದು, ಮುಂದಕ್ಕೆ ಬಾಗಿ ಏಳುವುದು. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯುವುದು. ದಿನಕ್ಕೆರಡು ಬಾರಿ ಐದೈದು ಸಲ, ಕ್ರಮೇಣ ಹತ್ತಕ್ಕೆ. ಹೆಚ್ಚಿನವರು ಪಾದ ಮುಂದಿಟ್ಟುಕೊಂಡೇ ಏಳಲು ಹೆಣಗುತ್ತಾರೆ, ಉಸಿರನ್ನೂ ಬಿಗಿಹಿಡಿಯುತ್ತಾರೆ. ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಬೇಕು. ಇವರ ತೂಕಕ್ಕೆ ದಿನಕ್ಕೆ 50–58 ಗ್ರಾಂ ಪ್ರೋಟೀನನ್ನು ಮೂರು ಊಟಕ್ಕೆ ಹಂಚಲು ಹೇಳಿದೆವು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಬಳಗಕ್ಕೆ ಒಮ್ಮೆಲೇ ಕಳಿಸಲಿಲ್ಲ. ಮೊದಲು ಗೆಳತಿಗೆ ಫೋನ್, ಆಮೇಲೆ ಗೆಳತಿ ಮನೆಗೆ ಬರುವುದು, ಮೂರನೇ ವಾರ ಅರ್ಧ ಗಂಟೆಯ ಮಟ್ಟಿಗೆ ಬಳಗ. ಎತ್ತರದ ಕುರ್ಚಿಯನ್ನು ಶೌಚಾಲಯಕ್ಕೆ ಹತ್ತಿರದ ಬಾಗಿಲ ಬಳಿ ಗೆಳತಿ ಮೊದಲೇ ಹಾಕಿಸಿದ್ದರು. ನೀರು ಕುಡಿಯುವುದನ್ನು ಬಿಡಬೇಡಿ, ಹೊರಡುವ ಮುನ್ನ ಮೂತ್ರಕ್ಕೆ ಹೋಗಿಬನ್ನಿ ಎಂದೆವು. ನೀರು ಕಡಿಮೆಯಾದರೆ ಎದ್ದಾಗ ತಲೆ ಸುತ್ತಿ ಬೀಳುವ ಭಯ ಹೆಚ್ಚು. ಎಲ್ಲಕ್ಕಿಂತ ಫಲ ಕೊಟ್ಟದ್ದು ಅವರಿಗೆ ವಹಿಸಿದ ಕೆಲಸ: ಮುಂದಿನ ವಾರದ ಓದಿಗೆ ಪುಟ ಆರಿಸಿ ಎಲ್ಲರಿಗೂ ತಿಳಿಸುವುದು. ತಮಗಾಗಿ ಕಾಯುವವರಿದ್ದಾರೆ ಎಂದಾದರೆ ಮಳೆಯ ದಿನವೂ ಹೊರಡುತ್ತಾರೆ.

ಮಗನಿಗೆ ಹೇಳಿದ್ದು ಒಂದೇ: ಅಮ್ಮ ಮಾಡಬಲ್ಲದ್ದನ್ನು ಕಸಿದುಕೊಳ್ಳಬೇಡಿ, ಬಟ್ಟೆ ಮಡಚಲಿ, ನಿಧಾನವಾದರೂ ಆಗಲಿ.

ನಡುವೆ ನೆಗಡಿಯಿಂದ ಎರಡು ವಾರ ಎಲ್ಲವೂ ನಿಂತಿತ್ತು; ವ್ಯಾಯಾಮವನ್ನು ಮತ್ತೆ ಅರ್ಧದಷ್ಟರಿಂದ ಶುರು ಮಾಡಿಸಿದೆವು. ಮೂರು ತಿಂಗಳಿಗೆ ತೂಕ 49.5, 4 ಮೀಟರ್ ನಡಿಗೆ 5.1 ಸೆಕೆಂಡ್. ಕುರ್ಚಿಯಿಂದ ಈಗ ಒಂದೇ ಕೈಯೂರಿ ಏಳುತ್ತಾರೆ, ವ್ಯಾಯಾಮ ಮುಂದುವರಿದಿದೆ.