ಬಣ್ಣದ ಕೋಣೆಯಿಂದ: ಶಕುನಿಗೆ ಕಪ್ಪು ಬಳಿಯಬೇಕೇ?

ಪ್ರಶ್ನೆ: ನಮ್ಮ ತಾತ ಊರಿನಲ್ಲಿ ಪೌರಾಣಿಕ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದರು. ಅವರ ತಗಡಿನ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ, ಸಫೇದದ ಪೊಟ್ಟಣಗಳು ಹಾಗೆಯೇ ಉಳಿದಿವೆ. ಮಗ ಈ ಸಲ ಶಾಲೆಯ ನಾಟಕದಲ್ಲಿ ಕಂಸನಾಗುತ್ತಿದ್ದಾನೆ. ತಾತನ ಬಣ್ಣವನ್ನೇ ಹಚ್ಚಬೇಕೆಂಬ ಆಸೆ. ಹಚ್ಚಬಹುದೇ?
(ಒಬ್ಬ ತಂದೆ, ರಾಜಾಜಿನಗರ)

ಉತ್ತರ: ಬೇಡ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಬೇಡ. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜ. ಇಂಗಳೀಕವೆಂದರೆ ಪಾದರಸ ಮತ್ತು ಗಂಧಕ. ಸಫೇದವೆಂಬ ಹಳೆಯ ಬಿಳಿ ಪುಡಿಯಲ್ಲಿ ಸೀಸ ಇರುವ ಸಾಧ್ಯತೆಯೂ ಉಂಟು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ತಲೆಮಾರುಗಳಿಂದ ಅರದಾಳ, ಇಂಗಳೀಕಗಳನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಾರೆ. ಆ ಹಳದಿಯ ಹೊಳಪು, ಆ ಕೆಂಪಿನ ಕಾವು ಇಂದಿನ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬಣ್ಣ ಹಚ್ಚಿಸಿಕೊಂಡ ಮಕ್ಕಳು ತುಟಿ ನೆಕ್ಕುತ್ತಾರೆ, ಕಣ್ಣು ಉಜ್ಜುತ್ತಾರೆ, ಅದೇ ಕೈಯಲ್ಲಿ ಚಿತ್ರಾನ್ನ ತಿನ್ನುತ್ತಾರೆ. ಪೊಟ್ಟಣಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಪೆಟ್ಟಿಗೆಯಲ್ಲಿ ತಾತನ ಕನ್ನಡಿ ಇದ್ದರೆ ಅದನ್ನು ಒರೆಸಿ ಮಗನ ಮುಂದೆ ಇಡಿ. ಕಂಸನಾಗುವ ಮುಖವನ್ನು ಅವನು ಅದರಲ್ಲೇ ನೋಡಿಕೊಳ್ಳಲಿ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ಹಿರಣ್ಯಕಶಿಪು ಪಾತ್ರ. ಅಬ್ಬರಿಸಿ ಅಬ್ಬರಿಸಿ ಗಂಟಲು ಕಟ್ಟಿದೆ. ನಾಟಕಕ್ಕೆ ಹತ್ತು ದಿನ ಇದೆ. ಏನು ಮಾಡಲಿ?
(ವಿದ್ಯಾರ್ಥಿ, ವಿಜಯನಗರ)

ಉತ್ತರ: ಎರಡು ದಿನ ತಾಲೀಮಿನಲ್ಲಿ ಮಾತಾಡಬೇಡ, ಚಲನೆ ಮಾತ್ರ ಮಾಡು. ಪಿಸುಮಾತೂ ಬೇಡ, ಅದೂ ಗಂಟಲಿಗೆ ಶ್ರಮವೇ. ನೀರು ಕುಡಿಯುತ್ತಿರು. ನಿನ್ನ ವಯಸ್ಸಿನಲ್ಲಿ ದನಿ ಒಡೆಯುತ್ತಿರುತ್ತದೆ, ಅದರ ಮೇಲೆ ಅಬ್ಬರದ ಹೊರೆ ಹೇರಬಾರದು. ಆಮೇಲೆ ಒಂದು ಪ್ರಯೋಗ ಮಾಡು. ಕಂಬದ ಮೇಲೆ ಅಂಗೈ ಇಟ್ಟು, ಹೊಟ್ಟೆಯಿಂದ ಉಸಿರು ತುಂಬಿಕೊಂಡು, "ಇದರಲ್ಲಿ ಇದ್ದಾನೆಯೇ ನಿನ್ನ ಹರಿ?" ಎಂದು ಮೆಲ್ಲನೆ ಕೇಳು. ಅಬ್ಬರವನ್ನು ಕಂಬ ಒಡೆಯುವ ಗಳಿಗೆಗೆ ಉಳಿಸಿಕೋ. ನಾಟಕ ಮುಗಿದ ಮೇಲೂ ದನಿ ಸರಿಯಾಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲು ಮನೆಯಲ್ಲಿ ಹೇಳು.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಶಾಲೆಯ ವಾರ್ಷಿಕೋತ್ಸವದ ದ್ಯೂತಪ್ರಸಂಗದಲ್ಲಿ ಅವಳು ಶಕುನಿ. ಪಾತ್ರ ಸಿಕ್ಕ ದಿನ ಕುಣಿದಾಡಿದಳು. ಮುಖಕ್ಕೆ ಕಪ್ಪು ಬಳಿದು, ಬೆನ್ನು ಗೂನಾಗಿಸಿ, ಕುಂಟುತ್ತಾ ಬರಬೇಕೆಂದು ಈಗ ಶಾಲೆಯಲ್ಲಿ ಹೇಳಿದ್ದಾರೆ. "ನಿನ್ನ ಬಣ್ಣಕ್ಕೆ ಹೆಚ್ಚು ಬಳಿಯುವುದೇ ಬೇಡ" ಎಂದೂ ಯಾರೋ ಅಂದರಂತೆ. ಅಂದಿನಿಂದ ಮೌನವಾಗಿದ್ದಾಳೆ. ಆದರೂ ಪಾತ್ರ ಬಿಡುವುದಿಲ್ಲ ಎನ್ನುತ್ತಾಳೆ. ಹುಡುಗಿ ಮೀಸೆ ಅಂಟಿಸಿಕೊಂಡರೆ ಜನ ನಗುತ್ತಾರೇನೋ ಎಂಬ ಅಳುಕೂ ಇದೆ. ಮನೆಯಲ್ಲೂ ಶಕುನಿಯ ಹಾಗೆಯೇ ನಡೆದಾಡಿ ತಮ್ಮನನ್ನು ಹೆದರಿಸುತ್ತಾಳೆ. ಅವಳನ್ನು ಖಳನಾಗಿಸುವುದು ಹೇಗೆ?
(ಒಬ್ಬ ತಾಯಿ, ಬನಶಂಕರಿ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಲವತ್ತು ವರ್ಷ ಮಕ್ಕಳ ಮುಖಕ್ಕೆ ಬಣ್ಣ ಹಚ್ಚಿದ್ದೇನೆ. ಮೊದಮೊದಲು ನಾನೂ ರಾಕ್ಷಸನೆಂದರೆ ಕಪ್ಪು ಡಬ್ಬಿಗೇ ಕೈ ಹಾಕುತ್ತಿದ್ದೆ. ಅದು ತಪ್ಪೆಂದು ನನಗೆ ತಿಳಿಸಿದ್ದು ಒಬ್ಬ ಪುಟ್ಟ ಹುಡುಗ. ಬಣ್ಣ ಮುಗಿದ ಮೇಲೆ ಕನ್ನಡಿ ನೋಡಿ, "ಈಗ ನಾನು ನಮ್ಮ ಅಪ್ಪನ ಹಾಗೆ ಕಾಣುತ್ತೇನೆ" ಎಂದ. ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಸ್ಪಂಜು ಅಲ್ಲೇ ನಿಂತಿತು.

ನಿಮ್ಮ ಮಗಳಿಗೆ ಇದನ್ನು ಹೇಳಿ. ಅವಳು ಅಭಿನಯಿಸುವ ಆ ಸಭೆಯಲ್ಲಿ ಅನ್ಯಾಯಕ್ಕೆ ಒಳಗಾದ ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ, ಕಪ್ಪು ಮೈಬಣ್ಣದವಳು. ಅವಳ ಮೊರೆ ಕೇಳಿದ ಕೃಷ್ಣನೂ ಕಪ್ಪು. ಈ ಕಥೆಯನ್ನೇ ಹೇಳಿದ ವ್ಯಾಸರು ಕೃಷ್ಣದ್ವೈಪಾಯನ. ಮಹಾಭಾರತವನ್ನು ಆಡಿಸುವವರು ಕಪ್ಪನ್ನು ಕೆಡುಕಿನ ಗುರುತಾಗಿ ಬಳಿದರೆ ಕಥೆಯನ್ನೇ ತಲೆಕೆಳಗು ಮಾಡಿದ ಹಾಗೆ. ಇದನ್ನು ಶಾಲೆಗೂ ಹೋಗಿ ಹೇಳಿ. ಜಗಳವಾಡದೆ, ಆದರೆ ಬಿಡದೆ ಹೇಳಿ.

ಕುಂಟು ನಡಿಗೆಯೂ ಹಾಗೆಯೇ. ವ್ಯಾಸಭಾರತದ ಶಕುನಿ ಕುಂಟನಲ್ಲ. ಗಾಂಧಾರದ ಸುಬಲರಾಜನ ಮಗ, ಕುದುರೆ ದಂಡನ್ನು ನಡೆಸಿದ ಯೋಧ. ಯುದ್ಧದ 18ನೆಯ ದಿನ ಸಹದೇವನ ಕೈಯಲ್ಲಿ ಮಡಿದವನು. ಕುಂಟು ಆಮೇಲೆ ಸೇರಿಕೊಂಡದ್ದು. ಪ್ರೇಕ್ಷಕರ ನಡುವೆ ಕೋಲು ಹಿಡಿದು ನಡೆಯುವ ಒಂದು ಮಗು ಕುಳಿತಿದ್ದರೆ ಅದರ ಮನಸ್ಸಿಗೆ ಏನಾಗಬೇಕು?

ಹಾಗಾದರೆ ಖಳನನ್ನು ಎಲ್ಲಿಂದ ತರುವುದು? ಅವಳ ಮುಖದಿಂದಲೇ. ಅವಳನ್ನು ಬೆಳಕಿನ ಎದುರು ಕೂರಿಸಿ ಹುಬ್ಬು ಗಂಟಿಕ್ಕಲು, ಕಣ್ಣು ಕಿರಿದಾಗಿಸಲು, ತುಟಿಯ ಒಂದೇ ಕೊನೆಯಲ್ಲಿ ನಗಲು ಹೇಳಿ. ಚರ್ಮ ಎಲ್ಲೆಲ್ಲಿ ಮಡಿಯುತ್ತದೆಯೋ ಅಲ್ಲೇ ಗೆರೆ ಎಳೆಯಬೇಕು. ಬೇರೆಯವರ ಸುಕ್ಕನ್ನು ಅವಳ ಮುಖಕ್ಕೆ ತಂದು ಹಾಕಿದರೆ ನಕ್ಕ ಕೂಡಲೇ ಸುಳ್ಳೆಂದು ತಿಳಿದುಬಿಡುತ್ತದೆ. ತಳಬಣ್ಣ ಅವಳ ಮೈಬಣ್ಣದ್ದೇ ಇರಲಿ. ಗೆರೆಗೆ ಕಪ್ಪು ಬೇಡ, ತಳಬಣ್ಣಕ್ಕಿಂತ ಎರಡು ಪಟ್ಟು ಗಾಢವಾದ ಕಂದು ಸಾಕು. ಪ್ರತಿ ಗೆರೆಯ ಪಕ್ಕದಲ್ಲಿ ಒಂದು ತಿಳಿ ಗೆರೆ ಎಳೆದು, ಎರಡನ್ನೂ ಬೆರಳ ತುದಿಯಿಂದ ಮೆಲ್ಲಗೆ ಬೆರೆಸಿ. ಆಗ ಮಡಿಕೆ ಎದ್ದು ಕಾಣುತ್ತದೆ. ಎದುರಿನಿಂದ ಬೀಳುವ ಬೆಳಕು ಮುಖವನ್ನು ಚಪ್ಪಟೆ ಮಾಡುವುದರಿಂದ ಕೆನ್ನೆಯ ಗುಳಿಗೂ ಮೂಗಿನ ಬದಿಗೂ ಕಂದಿನ ನೆರಳು ಬೇಕು. ಹುಬ್ಬಿನ ಒಳತುದಿಯನ್ನು ಒಂದು ಕಾಳಿನಷ್ಟು ಕೆಳಕ್ಕೆ ಇಳಿಸಿ. ಅಷ್ಟಕ್ಕೇ ಮುಖ ಸದಾ ಲೆಕ್ಕ ಹಾಕುತ್ತಿರುವಂತೆ ಕಾಣುತ್ತದೆ. ಮಗುವಿನ ಮುಖದಲ್ಲಿ ಆ ಬದಲಾವಣೆ ನೋಡಿದಾಗಲೆಲ್ಲ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ದೀಪ ನಿರ್ವಹಿಸುವವರನ್ನು ಮೊದಲೇ ಕೇಳಿಕೊಳ್ಳಿ. ಕೆಂಪು ಬೆಳಕಿನಲ್ಲಿ ಕೆಂಪು ಗೆರೆ ಮಾಯವಾಗುತ್ತದೆ, ಹಸಿರು ಬೆಳಕಿನಲ್ಲಿ ಅದೇ ಗೆರೆ ಕಪ್ಪಾಗುತ್ತದೆ. ನಾಟಕ ಎಲ್ಲಿ ಎಂದು ನೀವು ಬರೆದಿಲ್ಲ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ರಂಗಮಂದಿರವಾದರೆ ಗೆರೆಗಳು ದಪ್ಪಗಿರಬೇಕು. ಜೆ.ಪಿ. ನಗರದ ರಂಗಶಂಕರದಂತೆ ಪ್ರೇಕ್ಷಕರು ಹತ್ತಿರ ಕೂರುವ ಜಾಗವಾದರೆ ಅರ್ಧದಷ್ಟು ಸಾಕು. ಕೊನೆಯ ಸಾಲಿಗೆ ಹೋಗಿ ನಿಂತು ನೀವೇ ನೋಡಿ.

ಮೀಸೆ, ಗಡ್ಡದ ವಿಷಯಕ್ಕೆ ಬರುತ್ತೇನೆ. ಹೆಣೆದ ಜಡೆಯಂತೆ ಸಿಗುವ ಕ್ರೇಪ್ ಕೂದಲನ್ನು ಬಿಚ್ಚಿ, ಆವಿಗೆ ಹಿಡಿದು ನೇರವಾಗಿಸಿ, ಒಣಗಿದ ಮೇಲೆ ಬಾಚಿ. ಅಂಟಿಸುವಾಗ ಗಲ್ಲದ ಕೆಳಗಿನಿಂದ ಶುರುಮಾಡಿ ಪದರ ಪದರವಾಗಿ ಮೇಲಕ್ಕೆ ಬನ್ನಿ. ಮೀಸೆ ಕೊನೆಗೆ. ಬಾಯಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಮೊದಲ ಮಾತಿಗೇ ಚರ್ಮ ಜಗ್ಗುತ್ತದೆ. ಕೂದಲು ಅಂಟಿಸುವ ಸ್ಪಿರಿಟ್ ಗಮ್ ಎಲ್ಲರ ಚರ್ಮಕ್ಕೂ ಒಗ್ಗುವುದಿಲ್ಲ. ಹಿಂದಿನ ದಿನವೇ ಮೊಣಕೈಯ ಒಳಬದಿಗೆ ಒಂದು ತೊಟ್ಟು ಹಚ್ಚಿ 24 ಗಂಟೆ ನೋಡಿ. ತುರಿಸಿದರೆ, ಕೆಂಪಾದರೆ ಗಡ್ಡದ ಆಸೆ ಬಿಟ್ಟು ಕಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಇನ್ನೊಂದು ಮಾತು: ಆ ಗಮ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ನಾಟಕಕ್ಕೆ ಮೊದಲು ಬಣ್ಣದ ಕೋಣೆಯಲ್ಲೇ ಗಣಪತಿಗೆ ಕರ್ಪೂರ ಬೆಳಗುವ ಪದ್ಧತಿ ನಮ್ಮದು. ಪೂಜೆ ಮೊದಲು ಮುಗಿಯಲಿ, ಕರ್ಪೂರ ಪೂರ್ತಿ ಆರಲಿ, ಆಮೇಲೆ ಶೀಶೆಯ ಮುಚ್ಚಳ ತೆರೆಯಿರಿ.

ಜನ ನಗುತ್ತಾರೆಂಬ ಅಳುಕಿಗೆ ಉತ್ತರ ನಮ್ಮ ರಂಗಭೂಮಿಯಲ್ಲೇ ಇದೆ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುವಂತೆ ಮಾಡಿದರು. ಸ್ವತಃ ಕಂಸನಾಗಿ ಹೆಸರಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಮಗಳು ಅವರ ಹಾದಿಯಲ್ಲಿದ್ದಾಳೆ.

ಇನ್ನು ಮೈ. ಗೂನು ಬೇಡ, ರಾಜನ ನೆಟ್ಟ ಬೆನ್ನೇ ಇರಲಿ. ಬೇರೆಯವರೆಲ್ಲ ಎದ್ದು, ಕೂಗಿ, ಕೈಬೀಸುವ ಸಭೆಯಲ್ಲಿ ಶಕುನಿ ಒಬ್ಬನೇ ಅಲುಗದೆ ಕೂರಲಿ. ಬಲಗೈ ಮಾತ್ರ ಆಡುತ್ತಿರಲಿ. ಪಗಡೆಯ ಹಿತ್ತಾಳೆ ದಾಳಗಳನ್ನು ಎಲ್ಲಿಂದಾದರೂ ತಂದುಕೊಡಿ. ಪ್ಲಾಸ್ಟಿಕ್‌ನವು ಬೇಡ, ಅವುಗಳಿಗೆ ತೂಕವಿಲ್ಲ. ಉದ್ದನೆಯ ಎರಡು ದಾಳಗಳನ್ನು ಅಂಗೈಯಲ್ಲಿ ಉರುಳಿಸಿದರೆ ಬಳೆ ತಾಗಿದಂಥ ಸಣ್ಣ ಸದ್ದು ಬರುತ್ತದೆ. ಧರ್ಮರಾಜ ಯೋಚಿಸುವಾಗ ಆ ಸದ್ದು ಕೇಳುತ್ತಿರಲಿ, ಅವನು ಪಣ ಒಡ್ಡಿದ ಕೂಡಲೇ ನಿಂತುಬಿಡಲಿ. ಮಾತಿಗೆ ಮೊದಲು ನೋಟ ಬರಲಿ: ಮೊದಲು ದಾಳದ ಕಡೆ, ಆಮೇಲೆ ದುರ್ಯೋಧನನ ಕಡೆ, ಕೊನೆಗೆ ಧರ್ಮರಾಜನ ಕಡೆ. ವಾರವಿಡೀ ಇಷ್ಟನ್ನೇ ಅಭ್ಯಾಸ ಮಾಡಿಸಿ.

ಮನೆಯಲ್ಲೂ ಶಕುನಿಯಾಗಿರುವುದಕ್ಕೆ ಗಾಬರಿ ಬೇಡ, ಪಾತ್ರ ಮೈಗೆ ಹತ್ತುವಾಗ ಹೀಗಾಗುತ್ತದೆ. ಆದರೆ ಕಳಚುವುದಕ್ಕೂ ಒಂದು ಕ್ರಮ ಕಲಿಸಿ. ತಾಲೀಮು ಮುಗಿದ ಮೇಲೆ ದಾಳಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಲಿ, ತಮ್ಮನ ಎದುರು ಅವನ್ನು ತೆಗೆಯದಿರಲಿ. ನಾಟಕದ ರಾತ್ರಿ ಗಡ್ಡವನ್ನು ಕಿತ್ತು ತೆಗೆಯಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಬಿಟ್ಟು ಐದು ನಿಮಿಷ ಕಾಯಿರಿ, ತಾನೇ ಸಡಿಲವಾಗುತ್ತದೆ. ಬಣ್ಣವನ್ನು ಅವಳೇ ತೊಳೆದುಕೊಳ್ಳಲಿ. ಮೊದಲು ಹುಬ್ಬು, ಆಮೇಲೆ ಗೆರೆಗಳು, ಕೊನೆಗೆ ತಳಬಣ್ಣ. ಅವಳ ಸ್ವಂತ ಬಣ್ಣ ಕನ್ನಡಿಯಲ್ಲಿ ಪೂರ್ತಿ ಮರಳಿ ಬರುವವರೆಗೂ ಪಕ್ಕದಲ್ಲೇ ನಿಂತಿರಿ. ಆಮೇಲೆ ದ್ರೌಪದಿಯಾಗಿದ್ದ ಗೆಳತಿಯ ಬಳಿಗೆ ಹೋಗಿ ಆ ದಾಳಗಳನ್ನು ಅವಳ ಕೈಗೆ ಕೊಟ್ಟುಬರಲಿ.