ಮಗು ಸ್ಕೌಟ್ ಸೇರಿದರೆ ಪೋಷಕರೂ ಸೇರಬೇಕೆ?

ಪ್ರಶ್ನೆ: ಮೈಸೂರಿನವರಾದ ನಾವು ಉದ್ಯೋಗದ ನಿಮಿತ್ತ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ಒಂದನೇ ತರಗತಿಯ ಮಗನನ್ನು ಚಿಕ್ಕ ಮಕ್ಕಳ ಸ್ಕೌಟ್ ವಿಭಾಗವಾದ ಕಬ್ ಸ್ಕೌಟ್‌ಗೆ ಸೇರಿಸಲು ಹೋದಾಗ, ಪ್ರತಿ ಸಭೆಗೂ ನಮ್ಮಲ್ಲೊಬ್ಬರು ಜೊತೆಗಿರಬೇಕು, ತಂಡದ ಯಾವುದಾದರೊಂದು ಕೆಲಸವನ್ನೂ ವಹಿಸಿಕೊಳ್ಳಬೇಕು ಎಂದರು. ನಾನು ಶಾಲೆಯಲ್ಲಿ ಸ್ಕೌಟ್ ಆಗಿದ್ದಾಗ ನನ್ನ ತಂದೆ ಒಮ್ಮೆಯೂ ಬಂದವರಲ್ಲ. ಇಬ್ಬರೂ ದುಡಿಯುವ ನಮಗೆ ಇದು ನಿಭಾಯಿಸಲು ಸಾಧ್ಯವೆ?

ಉತ್ತರ: ಸಾಧ್ಯವಿದೆ. ಜೊತೆಗಿರಬೇಕೆಂಬುದು ಆ ತಂಡದವರು ತಾವಾಗಿ ಹಾಕಿದ ಷರತ್ತಲ್ಲ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂದಿದ್ದು 2025ರಲ್ಲಿ ಸ್ಕೌಟಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯ ನಿಯಮದಂತೆ, ಕಿಂಡರ್‌ಗಾರ್ಟನ್‌ನ ‘ಲಯನ್’ ಮತ್ತು ಒಂದನೇ ತರಗತಿಯ ‘ಟೈಗರ್’ ಮಕ್ಕಳ ಜೊತೆ 18 ವರ್ಷ ತುಂಬಿದ ಹಿರಿಯರೊಬ್ಬರು ಇರಲೇಬೇಕು. ಅವರು ತಂದೆ ತಾಯಿಯೇ ಆಗಿರಬೇಕೆಂದಿಲ್ಲವಾದ್ದರಿಂದ, ಊರಿನಿಂದ ಬಂದು ನಿಮ್ಮ ಮನೆಯಲ್ಲಿರುವ ಅಜ್ಜನೋ ಅಜ್ಜಿಯೋ ಹೋಗಬಹುದು. ಹೊರಗಿನವರನ್ನು ಕಳುಹಿಸುವುದಾದರೆ ಸಂಸ್ಥೆಯಲ್ಲಿ ಅವರ ಹೆಸರು ನೋಂದಾಯಿಸಬೇಕೆ ಎಂದು ಮೊದಲೇ ಕೇಳಿಕೊಳ್ಳಿ. ಎರಡನೇ ತರಗತಿಯಿಂದ ಈ ಕಡ್ಡಾಯ ಸಡಿಲವಾಗುತ್ತದೆ, ಆದರೂ ರಾತ್ರಿ ತಂಗುವ ಶಿಬಿರಗಳಿಗೆ ಕಬ್ ಮಕ್ಕಳ ಪೋಷಕರು ಸಾಮಾನ್ಯವಾಗಿ ಹೋಗಬೇಕಾಗುತ್ತದೆ.

ನಿಮ್ಮ ತಂದೆಯವರು ಬಾರದೆ ಇದ್ದುದಕ್ಕೆ ಕಾರಣ ಸರಳವಾಗಿದೆ. ನಮ್ಮಲ್ಲಿ ದಳಗಳು ಬಹುತೇಕ ಶಾಲೆಯೊಳಗೇ ಇದ್ದು, ತರಬೇತಿ ಪಡೆದ ಶಿಕ್ಷಕರು ಅವುಗಳನ್ನು ನಡೆಸುತ್ತಾರೆ. ಅಲ್ಲಿ ಚರ್ಚೋ ಸೇವಾಸಂಸ್ಥೆಯೋ ಆಶ್ರಯ ಕೊಟ್ಟರೂ, ‘ಡೆನ್’ ಎಂಬ ಸಣ್ಣ ಗುಂಪಿನ ಮುಂದಾಳು ಸಾಮಾನ್ಯವಾಗಿ ಅದೇ ಗುಂಪಿನ ಮಗುವೊಂದರ ತಾಯಿ ಅಥವಾ ತಂದೆ, ಅದೂ ಸಂಬಳವಿಲ್ಲದೆ. ಮಕ್ಕಳ ಸುರಕ್ಷತೆಗಾಗಿ ಪ್ರತಿ ಚಟುವಟಿಕೆಯಲ್ಲೂ 21 ವರ್ಷ ದಾಟಿದ, ನೋಂದಾಯಿತರಾದ ಇಬ್ಬರು ವಯಸ್ಕರು ಇರಬೇಕೆಂಬ ನಿಯಮವೂ ಇರುವುದರಿಂದ, ಯಾರೂ ಮುಂದೆ ಬಾರದಿದ್ದರೆ ಸಭೆಯೇ ನಡೆಯುವುದಿಲ್ಲ.

ಕೆಲಸ ವಹಿಸಿಕೊಳ್ಳುವ ವಿಷಯದಲ್ಲಿ, ಅವರು ಹಂಚುವವರೆಗೆ ಕಾಯದೆ ನೀವೇ ಮೊದಲು ಕೇಳಿ, ಆದಿ ಅಂತ್ಯ ಗೊತ್ತಿರುವ ಒಂದನ್ನು ಆರಿಸಿಕೊಳ್ಳುವುದು ಜಾಣತನ: ಹಣದ ಲೆಕ್ಕ, ಒಂದು ಶಿಬಿರದ ಅಡುಗೆ ಸಾಮಾನು ಅಥವಾ ಪೈನ್‌ವುಡ್ ಡರ್ಬಿಯ ಏರ್ಪಾಡು. 1953ರಲ್ಲಿ ಆರಂಭವಾದ ಈ ಪುಟ್ಟ ಮರದ ಕಾರುಗಳ ಪಂದ್ಯದಲ್ಲಿ ಕಾರು ಕೆತ್ತುವ ಉತ್ಸಾಹ ಮಗನಿಗಿಂತ ಅಪ್ಪನಿಗೇ ಹೆಚ್ಚಾಗುವುದುಂಟು, ಅದೊಂದನ್ನು ಮಾತ್ರ ತಡೆದುಕೊಳ್ಳಿ. ಡೆನ್ ಮುಂದಾಳತ್ವಕ್ಕೆ ಸಭೆಯ ಸಮಯದಷ್ಟೇ ಸಿದ್ಧತೆಯ ಸಮಯವೂ ಬೇಕಾದ್ದರಿಂದ ಮೊದಲ ವರ್ಷವೇ ಅದಕ್ಕೆ ಒಪ್ಪಿಕೊಳ್ಳಬೇಡಿ.

ಈ ಹೊರೆ ಕೊನೆಯವರೆಗೂ ಹೀಗೇ ಇರುವುದಿಲ್ಲ. ಸುಮಾರು 11ನೆಯ ವಯಸ್ಸಿಗೆ ಹಿರಿಯ ದಳ ಸೇರಿದಾಗ ಸಭೆ ನಡೆಸುವುದು, ಶಿಬಿರದ ಊಟ ಯೋಜಿಸುವುದು ಎಲ್ಲವೂ ಮಕ್ಕಳ ನಾಯಕರದ್ದೇ ಕೆಲಸ. ಆಗಲೂ ಪಕ್ಕದಲ್ಲಿ ನಿಂತು ಗಂಟು ಹಾಕುವುದನ್ನು ತಿದ್ದುವ ಪೋಷಕರು, ಬಾರದೇ ಇರುವವರಿಗಿಂತ ಹೆಚ್ಚು ತೊಡಕಾಗುತ್ತಾರೆ.

ಪ್ರಶ್ನೆ: ನಮ್ಮ ಮಗಳು ಹಾವೇರಿ ಜಿಲ್ಲೆಯ ಶಾಲೆಯೊಂದರ ಗೈಡ್ಸ್ ದಳದಲ್ಲಿದ್ದು, ಸ್ಕೌಟ್ಸ್ ಗೈಡ್ಸ್ ಮಕ್ಕಳಿಗೆ ರಾಜ್ಯ ಮಟ್ಟದಲ್ಲಿ ಕೊಡುವ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ತನ್ನ ಚಟುವಟಿಕೆಗಳನ್ನು ದಾಖಲಿಸುವ ಅವಳ ಲಾಗ್ ಪುಸ್ತಕವನ್ನು ನಾವು ಅಂದವಾಗಿ ಬರೆದುಕೊಡಬಹುದೆ?

ಉತ್ತರ: ಬೇಡ. ಪರೀಕ್ಷಾ ಶಿಬಿರದಲ್ಲಿ ಗಂಟು, ಪ್ರಥಮ ಚಿಕಿತ್ಸೆ ಮುಂತಾದವನ್ನು ಅವಳೇ ಮಾಡಿ ತೋರಿಸಬೇಕು. ನೀವು ಬರೆದ ಪುಟ ಅಲ್ಲಿ ನೆರವಿಗೆ ಬಾರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಔಷಧಿ ಅಥವಾ ಅಲರ್ಜಿಯ ವಿವರಗಳನ್ನು ದಳ ನಡೆಸುವ ಗೈಡ್ ಕ್ಯಾಪ್ಟನ್‌ಗೆ ಬರೆದು ಕೊಟ್ಟು, ಸಮವಸ್ತ್ರವನ್ನು ಅವಳೇ ಇಸ್ತ್ರಿ ಮಾಡಿಕೊಳ್ಳಲು ಬಿಡಿ.