ಏಡಿಯ ಚಿಪ್ಪು ಮತ್ತು ನಾವು ತೊಡುವ ಯಂತ್ರ

ಪ್ರಶ್ನೆ: ಏಡಿ ಗಟ್ಟಿ ಚಿಪ್ಪು ಹೊತ್ತುಕೊಂಡೇ ಸರಸರ ಓಡುತ್ತದೆ. ಮನುಷ್ಯರು ತೊಡುವ ಎಕ್ಸೋಸ್ಕೆಲಿಟನ್ (ಹೊರ ಅಸ್ಥಿಪಂಜರ) ಯಂತ್ರದಲ್ಲಿ ಮಾತ್ರ ನಡಿಗೆ ಯಾಕೆ ಅಷ್ಟು ತೊಡಕು? ಎರಡೂ ಒಂದೇ ತತ್ವ ಅಲ್ವಾ?

ಉತ್ತರ: ಏಡಿಯ ಚಿಪ್ಪಿಗೂ ಎಕ್ಸೋಸ್ಕೆಲಿಟನ್ ಎಂದೇ ಹೆಸರು, ಆದರೆ ಒಳಗಿನ ಲೆಕ್ಕ ಬೇರೆ. ಏಡಿಗೆ ಚಿಪ್ಪು ಹೊರೆಯಲ್ಲ, ಅದೇ ಅದರ ಮೂಳೆ. ಏಡಿಯ ಇಕ್ಕಳದಂಥ ಮುಂಗಾಲನ್ನು ಒಡೆದರೆ ಮಾಂಸದ ನಡುವೆ ತೆಳ್ಳನೆಯ, ಎಲೆಯಂಥ ಬಿಳಿ ಪಟ್ಟಿ ಸಿಗುತ್ತದೆ. ಅದನ್ನು ಹಿಡಿದು ಎಳೆದರೆ ಸಾಕು, ಇಕ್ಕಳ ಮುಚ್ಚಿಕೊಳ್ಳುತ್ತದೆ. ಹೊರಗಿನ ಚಿಪ್ಪೇ ಒಳಕ್ಕೆ ಬೆಳೆದು ಸ್ನಾಯುವಿಗೆ ಹಿಡಿಯಾಗಿದೆ. ಹಾಗಂತ ಇದು ಪುಕ್ಕಟೆ ಸಿಕ್ಕಿದ್ದಲ್ಲ. ಚಿಪ್ಪು ದೇಹದ ಜೊತೆ ಬೆಳೆಯುವುದಿಲ್ಲ. ಏಡಿ ಅದನ್ನು ಕಳಚಬೇಕು, ಹೊಸದು ಗಟ್ಟಿಯಾಗುವ ತನಕ ಮೆತ್ತಗಿನ ಮೈಯಲ್ಲಿ ಅಡಗಿರಬೇಕು.

ನಮಗೆ ಮೂಳೆ ಒಳಗೇ ಇದೆ. ಯಂತ್ರ ತೊಟ್ಟರೆ ಒಂದೇ ಕಾಲಿಗೆ ಎರಡು ಅಸ್ಥಿಪಂಜರ. ಮೊಣಕಾಲು ಬಾಗಿಲಿನ ಹಾಗೆ ಒಂದೇ ಕಡೆ ನಿಂತು ತಿರುಗುವುದಿಲ್ಲ. ಕಾಲು ಮಡಿಸುವಾಗ ಮೂಳೆಗಳು ಒಂದರ ಮೇಲೊಂದು ಉರುಳುತ್ತವೆ, ಜಾರುತ್ತವೆ ಕೂಡ. ಯಂತ್ರದ ಕೀಲು ಬಾಗಿಲಿನ ಹಾಗೆ ಸುಮ್ನೆ ತಿರುಗಿದರೆ, ಅದನ್ನು ಕಾಲಿಗೆ ಕಟ್ಟಿದ ಪಟ್ಟಿಗಳು ಚರ್ಮವನ್ನು ಉಜ್ಜುತ್ತವೆ. ಬಲ ಮೂಳೆಗೆ ತಲುಪುವ ಮೊದಲೇ ಒಂದಷ್ಟು ಮಾಂಸದಲ್ಲೇ ಕಳೆದುಹೋಗುತ್ತದೆ. ದೊಡ್ಡ ಮೋಟಾರು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರೇ ಜಾಸ್ತಿ. ನಿಜವಾದ ಕಷ್ಟ ಈ ಪಟ್ಟಿಗಳಲ್ಲಿದೆ ಎಂದು ನನಗನಿಸುತ್ತದೆ.

1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಹಾರ್ಡಿಮ್ಯಾನ್’ ಎಂಬ ತೊಡುವ ಯಂತ್ರವನ್ನು ಕಟ್ಟಲು ಹೊರಟಿತು. ತೂಕ ಸುಮಾರು 680 ಕಿಲೋ! ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ತೋಳು ಮಾತ್ರ.

ನನಗೆ ತುಂಬಾ ಇಷ್ಟವಾದದ್ದು 2015ರಲ್ಲಿ ಬಂದ ಒಂದು ಪುಟ್ಟ ಸಾಧನ. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಹಿಮ್ಮಡಿಯ ಹಿಂದೆ ಒಂದು ಸ್ಪ್ರಿಂಗ್, ಜೊತೆಗೊಂದು ಕ್ಲಚ್. ಪಾದ ನೆಲಕ್ಕೂರಿದಾಗ ಕ್ಲಚ್ ಸ್ಪ್ರಿಂಗನ್ನು ಹಿಡಿದುಕೊಳ್ಳುತ್ತದೆ, ಕಾಲು ಮುಂದೆ ಬಾಗಿದಂತೆ ಅದು ಹಿಗ್ಗುತ್ತದೆ. ಹೆಜ್ಜೆ ಎತ್ತುವಾಗ ಆ ಬಲವನ್ನು ವಾಪಸ್ ಕೊಡುತ್ತದೆ. ಮೀನಖಂಡದ ಸ್ನಾಯು ಅಷ್ಟು ಬಿಗಿಹಿಡಿಯಬೇಕಿಲ್ಲ. ಇಷ್ಟರಿಂದಲೇ ನಡಿಗೆಗೆ ಬೇಕಾದ ಶಕ್ತಿಯಲ್ಲಿ ಸುಮಾರು 7% ಉಳಿಯಿತು.

ಬೆನ್ನುಹುರಿಗೆ ಪೆಟ್ಟಾದವರ ವಿಷಯ ಬೇರೆ. ಅವರಿಗೆಂದೇ ಮಾಡಿದ ‘ರೀವಾಕ್’ ಯಂತ್ರಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ತೊಟ್ಟವರು ಊರುಗೋಲು ಹಿಡಿದು ನಿಧಾನವಾಗಿಯೇ ನಡೆಯಬೇಕು. ಆದರೆ ಗಾಲಿಕುರ್ಚಿಯಿಂದ ಎದ್ದು ನಿಂತು, ಎದುರಿಗಿದ್ದವರನ್ನು ನೇರವಾಗಿ ನೋಡಿ ಮಾತಾಡಬಹುದು. ಆ ನಡಿಗೆಯನ್ನು ಏಡಿಯ ಓಟದ ಜೊತೆ ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ.